ರಾಜನಿಗೆ ಹಗ್ಗ ಏಕೆ?

ಓದುಗರ ಪತ್ರ: ಇಂಗ್ಲೆಂಡಿನ ವೋಕಿಂಗ್‌ನಲ್ಲಿರುವ ಮಗನ ಮನೆಗೆ ಏಪ್ರಿಲ್‌ನಲ್ಲಿ ಬಂದೆ, ಜುಲೈ ಕೊನೆಗೆ ಊರಿಗೆ ಮರಳುತ್ತೇನೆ. ದಿನವೂ ಬೆಳಿಗ್ಗೆ ಮಗನ ಲ್ಯಾಬ್ರಡಾರ್ ರಾಜನನ್ನು ಚೋಬಮ್ ಕಾಮನ್ ಎಂಬ ರಕ್ಷಿತ ಬಯಲಿಗೆ ಕರೆದೊಯ್ಯುತ್ತೇನೆ. ಮೊನ್ನೆ ಒಬ್ಬ ಹೆಂಗಸು ನಮ್ಮನ್ನು ತಡೆದು, ನಾಯಿಗೆ ಹಗ್ಗ ಹಾಕಿ, ಅದರ ಮಲವನ್ನು ಚೀಲದಲ್ಲಿ ತೆಗೆದುಕೊಂಡು ಹೋಗಿ ಎಂದರು. ರಾಜ ಒಂದು ಇರುವೆಯನ್ನೂ ಕೊಂದವನಲ್ಲ. ಗೊಬ್ಬರ ಬಿದ್ದರೆ ನೆಲಕ್ಕೆ ಒಳ್ಳೆಯದೇ ಅಲ್ಲವೇ? ನಾನು ರೈತನ ಮಗ. ಪರದೇಶದವನೆಂದು ಹೀಗೆ ಹೇಳಿದರೇ?

ಸಂಪಾದಕರ ಉತ್ತರ:

ನಿಮ್ಮ ಪತ್ರದ ಕೊನೆಯ ಪ್ರಶ್ನೆ ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಆ ಹೆಂಗಸಿನ ಮನಸ್ಸಿನಲ್ಲಿ ಏನಿತ್ತೆಂದು ನಾನು ಇಲ್ಲಿ ಕುಳಿತು ಹೇಳಲಾರೆ. ಅವರು ಹೇಳಿದ ಎರಡು ಮಾತುಗಳು ಮಾತ್ರ ಸರಿ. ಅಲ್ಲೇ ಹುಟ್ಟಿ ಬೆಳೆದವರಿಗೂ ಅವೇ ಮಾತು.

ಗೊಬ್ಬರದಿಂದ ಶುರು ಮಾಡುತ್ತೇನೆ, ಬೇಸಾಯದ ಮನೆಯವರಿಗೆ ಅದು ಬೇಗ ತಿಳಿಯುತ್ತದೆ. ಅಲ್ಲಿಯವರು ಹೀತ್ ಎಂದು ಕರೆಯುವ ಆ ನೆಲ ಬಡ ನೆಲ. ಮರಳು ಬೆರೆತ ಹುಳಿ ಮಣ್ಣು. ಸಾವಿರಾರು ವರ್ಷ ಜನ ಅಲ್ಲಿ ಮರ ಕಡಿದರು, ದನ ಕುರಿ ಮೇಯಿಸಿದರು, ಒಲೆಗೆಂದು ಪೊದೆ ಸವರಿದರು. ಮಣ್ಣಿನಿಂದ ತೆಗೆದದ್ದೇ ಹೆಚ್ಚು, ಮರಳಿ ಕೊಟ್ಟದ್ದು ಕಡಿಮೆ. ಆ ಬಡತನದಲ್ಲೇ ಬದುಕಲು ಕಲಿತ ಗಿಡಗಳು, ಬೇಸಿಗೆಯ ಕೊನೆಗೆ ಬಯಲಿಗೆ ಬಯಲೇ ನೇರಳೆಯಾಗುವ ಹೆದರ್ ಮತ್ತು ಹಳದಿ ಹೂವಿನ ಮುಳ್ಳುಪೊದೆ ಗೋರ್ಸ್. ನಮ್ಮ ರಾಗಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಈ ನೆಲಕ್ಕೆ ಸಾರ ಸಿಕ್ಕರೆ ಒರಟು ಹುಲ್ಲು ಎದ್ದು ಹೆದರನ್ನು ಮುಚ್ಚಿಬಿಡುತ್ತದೆ. ದನ ಅಲ್ಲೇ ಮೇಯ್ದು ಅಲ್ಲೇ ಸಗಣಿ ಹಾಕುತ್ತದೆ. ರಾಜ ಮನೆಯಲ್ಲಿ ಉಂಡು ಅಲ್ಲಿ ಹೋಗಿ ಹಾಕುತ್ತಾನೆ, ಅಂದರೆ ಹೊರಗಿನ ಸಾರವನ್ನು ಒಳಗೆ ಹೊತ್ತು ತರುತ್ತಾನೆ. ಬೆಲ್ಜಿಯಂನ ಗೆಂಟ್ ನಗರದ ಹತ್ತಿರದ ರಕ್ಷಿತ ಪ್ರದೇಶಗಳಲ್ಲಿ ವಿಜ್ಞಾನಿಗಳು ಇದರ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದರು: ನಾಯಿಗಳ ಮಲಮೂತ್ರದಿಂದ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 11 ಕಿಲೊ ಸಾರಜನಕ, 5 ಕಿಲೊ ರಂಜಕ. ಮಲವನ್ನು ಎತ್ತಿಕೊಂಡು ಹೋದರೆ ರಂಜಕ ಹೆಚ್ಚುಕಡಿಮೆ ಪೂರ್ತಿ ತಪ್ಪುತ್ತದೆ. ಆದ್ದರಿಂದ ಚೀಲ ಹಿಡಿಯಿರಿ, ಅದನ್ನು ಕೊಂಬೆಗೆ ನೇತುಹಾಕಿ ಬರಬೇಡಿ.

ಇನ್ನು ಹಗ್ಗದ ವಿಚಾರ. ಚೋಬಮ್ ಕಾಮನ್ ಸೇರಿದಂತೆ ಸರ್ರೆ, ಹ್ಯಾಂಪ್‌ಶೈರ್, ಬರ್ಕ್‌ಶೈರ್‌ಗಳ ಹೀತ್‌ಗಳಿಗೆ 2005ರಲ್ಲಿ ವಿಶೇಷ ರಕ್ಷಣೆ ಸಿಕ್ಕಿದ್ದು ಮೂರು ಹಕ್ಕಿಗಳಿಗಾಗಿ: ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್. ಮೊದಲೆರಡು ನೆಲದ ಮೇಲೇ ಮೊಟ್ಟೆ ಇಡುತ್ತವೆ. ಮೂರನೆಯದು ತಗ್ಗಿನ ಪೊದೆಯಲ್ಲಿ ಗೂಡು ಕಟ್ಟುತ್ತದೆ. 1962-63ರ ಕಡು ಚಳಿಗಾಲದ ಬಳಿಕ ಇಡೀ ಬ್ರಿಟನ್ನಿನಲ್ಲಿ ಆ ಹಕ್ಕಿ ಉಳಿದದ್ದು ಹತ್ತು ಹನ್ನೊಂದು ಜೋಡಿ.

ನೈಟ್‌ಜಾರ್ ನಿಮಗೆ ಹೊಸದಲ್ಲ. ನಮ್ಮ ಹಳ್ಳಿ ರಸ್ತೆಗಳಲ್ಲಿ ರಾತ್ರಿ ಬಸ್ಸಿನ ದೀಪಕ್ಕೆ ಕೆಂಡದಂಥ ಕಣ್ಣು ಹೊಳೆಯುತ್ತದಲ್ಲ, ಆ ನತ್ತಿಂಗನ ಹತ್ತಿರದ ಬಂಧು. ಆಫ್ರಿಕಾದಿಂದ ಸಹಾರಾ ದಾಟಿ ಮೇ ಹೊತ್ತಿಗೆ ಅಲ್ಲಿಗೆ ಬರುತ್ತದೆ. ಗೂಡು ಕಟ್ಟುವುದೇ ಇಲ್ಲ, ಬರಿ ನೆಲದ ಮೇಲೆ ಎರಡು ಮೊಟ್ಟೆ. ಹಗಲೆಲ್ಲ ಅವುಗಳ ಮೇಲೆ ಕಣ್ಣು ಮುಚ್ಚಿ ಕುಳಿತರೆ ಒಣ ತೊಗಟೆಯ ತುಂಡಿನಂತೆ ಕಾಣುತ್ತದೆ. ಕಾಲಿನ ಹತ್ತಿರ ಬರುವವರೆಗೂ ಅಲುಗದು, ಏಕೆಂದರೆ ಕಾಣದಂತೆ ಕೂರುವುದೇ ಅದಕ್ಕಿರುವ ಕಾವಲು. ರಾಜನ ಮೂಗು ಆ ಕಾವಲನ್ನು ಮುರಿಯುತ್ತದೆ. ಅವನು ಕಚ್ಚುವವನಲ್ಲ ಎಂದು ನಿಮಗೆ ಗೊತ್ತು, ಹಕ್ಕಿಗೆ ಗೊತ್ತಿಲ್ಲ. ಅದು ಎದ್ದು ಹಾರಿತೆಂದರೆ ಮೊಟ್ಟೆಗಳು ಬಯಲಿಗೆ ಬಿದ್ದವು. ಮೇಲೆ ಕಾಗೆ ನೋಡುತ್ತಿರುತ್ತದೆ. ಡಾರ್ಸೆಟ್‌ನ ಹೀತ್‌ಗಳಲ್ಲಿ ನಡೆದ ಅಧ್ಯಯನದಲ್ಲಿ ಹಾಳಾದ ಗೂಡುಗಳು, ಮರಿ ಎದ್ದ ಗೂಡುಗಳಿಗಿಂತ ಕಾಲುದಾರಿಗೆ ಹತ್ತಿರದಲ್ಲಿದ್ದವು. ನೀವು ಮನೆಗೆ ಬಂದು ಕಾಫಿ ಕುಡಿಯುವಾಗ ರಾಜ ಸಾಧುವಾಗಿಯೇ ಇರುತ್ತಾನೆ, ಅಲ್ಲಿ ಆದದ್ದು ನಿಮಗೆ ತಿಳಿಯುವುದೂ ಇಲ್ಲ. ನಿಮ್ಮ ಹಿಂದೆ ಅದೇ ದಾರಿಯಲ್ಲಿ ಇನ್ನೆಷ್ಟೋ ನಾಯಿಗಳು ಬರುತ್ತವೆ.

ಇಂಗ್ಲೆಂಡಿನ ಕಾನೂನಿನಂತೆ, ಜನರಿಗೆ ಮುಕ್ತ ಪ್ರವೇಶ ಕೊಟ್ಟ ಇಂಥ ಬಯಲುಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ 2 ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿರಬೇಕು. ಕೆಲವು ಕಾಮನ್‌ಗಳಿಗೆ ನಿಯಮ ಬೇರೆ ಇರಬಹುದು, ಪ್ರವೇಶದಲ್ಲಿರುವ ಫಲಕ ಓದಿ. ಫಲಕ ಏನೇ ಹೇಳಲಿ, ಆಗಸ್ಟ್ ಮುಗಿಯುವವರೆಗೂ ಹಗ್ಗ ಬಿಡಬೇಡಿ ಎಂದು ಮಗನಿಗೆ ಹೇಳಿ ಬನ್ನಿ; ನೈಟ್‌ಜಾರ್‌ನ ಎರಡನೆಯ ಸಂಸಾರ ಆಗಲೂ ನೆಲದ ಮೇಲಿರುತ್ತದೆ. ರಾಜನ ಹಿತವೂ ಇದರಲ್ಲಿದೆ. ಬ್ರಿಟನ್ನಿನ ಒಂದೇ ವಿಷದ ಹಾವು ಆ್ಯಡರ್ ಇಂಥ ಪೊದೆಗಳ ಅಂಚಿನಲ್ಲೇ ಬಿಸಿಲು ಕಾಯುತ್ತದೆ, ಮೂಸಲು ಹೋದ ನಾಯಿಗೆ ಮೂತಿಯ ಮೇಲೇ ಕಚ್ಚುತ್ತದೆ.

ಓಡದೆ ನಾಯಿಯ ಜೀವ ತಣಿಯುವುದಿಲ್ಲ, ಒಪ್ಪುತ್ತೇನೆ. ಅದಕ್ಕಾಗಿಯೇ ಆ ಭಾಗದಲ್ಲಿ ಹೊಸ ಬಡಾವಣೆ ಕಟ್ಟುವವರು ಸಾವಿರ ನಿವಾಸಿಗಳಿಗೆ ಕನಿಷ್ಠ 8 ಹೆಕ್ಟೇರ್ ಲೆಕ್ಕದಲ್ಲಿ ಬೇರೆ ಹಸಿರು ಜಾಗ ಒದಗಿಸಬೇಕು. ನಾಯಿಗಳನ್ನು ಬಿಟ್ಟು ಓಡಾಡಿಸಲೆಂದೇ ಮಾಡಿದ ಜಾಗಗಳು ಅವು. ವೋಕಿಂಗ್ ಸುತ್ತಲೂ ಇವೆ. ಬೆಳಗಿನ ಓಟ ಅಲ್ಲಾಗಲಿ.

ಚೋಬಮ್ಮಿಗೆ ಮಾತ್ರ ಒಂದು ಸಂಜೆ ಹೋಗಿ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ನಾನು ಆ ಬಯಲಿನ ಅಂಚಿನ ಬರ್ಚ್ ಮರಗಳ ಕೆಳಗೆ ನಿಂತಿದ್ದೆ. ಅಲ್ಲಿ ಆಗ ಕತ್ತಲಾಗುವುದೇ ರಾತ್ರಿ ಹತ್ತರ ಸುಮಾರಿಗೆ. ದೂರದ ಹೆದ್ದಾರಿಯ ಮೊರೆತದ ನಡುವೆ, ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಂಥ ಗರಗರ ಸದ್ದು ಎದ್ದಿತು. ಉಸಿರು ತೆಗೆದುಕೊಳ್ಳದೆ ನಿಮಿಷಗಟ್ಟಲೆ ನಡೆಯಿತು. ಆಮೇಲೆ ಚಪ್ಪಾಳೆಯಂತೆ ರೆಕ್ಕೆ ಬಡಿದು ಹಕ್ಕಿ ನನ್ನ ತಲೆಯ ಮೇಲೇ ಹಾದುಹೋಯಿತು. ಗಂಡಾದರೆ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ಊರಿಗೆ ಹೊರಡುವ ಮೊದಲು ಮೊಮ್ಮಕ್ಕಳನ್ನೂ ಕರೆದುಕೊಂಡು, ರಾಜನನ್ನು ಹಗ್ಗದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ದಾರಿಯ ಮೇಲೆಯೇ ನಿಂತು ಕೇಳಿ. ಆ ಮಚ್ಚೆ ಕಂಡಿತೇ ಎಂದು ನಮಗೆ ಬರೆಯಿರಿ.