ಬರಿಗಾಲಿನ ಕಾರಣಕ್ಕೇ ಭಾರತ 1950ರ ಫುಟ್‌ಬಾಲ್ ವಿಶ್ವಕಪ್ ಆಡಲಿಲ್ಲವೇ?

ಬರಿಗಾಲಲ್ಲಿ ಆಡುವುದಕ್ಕೆ ನಿಷೇಧವಿತ್ತು, ಅದಕ್ಕೇ ಭಾರತ ಹೋಗಲಿಲ್ಲ ಎಂಬ ಕಥೆಯಿದೆ. ದಾವಣಗೆರೆಯ ಕಾಲೇಜು ಕ್ವಿಜ್‌ಗೆ ಇದನ್ನು ಪ್ರಶ್ನೆಯಾಗಿ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಿ, ಆದರೆ ‘ಬೂಟು ಇರಲಿಲ್ಲ’ ಎಂಬುದನ್ನು ಸರಿಯುತ್ತರ ಮಾಡಬೇಡಿ.

ಬರಿಗಾಲಿನ ಆಟವೇನೋ ನಿಜ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬಹುತೇಕ ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್‌ಗೆ 1-2ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ್ದವು. ಸೋಲಿಗೆ ಕಾರಣ ಹುಡುಕುವವರು ಕಾಲಿಗಿಂತ ಮೊದಲು ಅದನ್ನು ನೋಡಬೇಕು. ನಮ್ಮ ಏಕೈಕ ಗೋಲು ಅಂದಿನ ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್ ಅವರದು.

1950ರಲ್ಲಿ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದಿದ್ದರಿಂದ ಭಾರತಕ್ಕೆ ಒಂದೂ ಪಂದ್ಯವಾಡದೆ ಅರ್ಹತೆ ಸಿಕ್ಕಿತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಜಾಗವೂ ಆಯಿತು. ಆದರೆ ಭಾರತದ ಫುಟ್‌ಬಾಲ್ ಫೆಡರೇಶನ್ ಹಿಂದೆ ಸರಿಯಿತು. ಆಗ ಅದು ಮುಂದಿಟ್ಟದ್ದು ತಂಡದ ಆಯ್ಕೆಯ ತಕರಾರು, ಅಭ್ಯಾಸಕ್ಕೆ ಸಮಯದ ಕೊರತೆ. ವಿಶ್ವಕಪ್ ನಡೆದ ಬ್ರೆಜಿಲ್‌ವರೆಗಿನ ಹಡಗಿನ ಪಯಣವೂ ಸಣ್ಣದಲ್ಲ. ಜೊತೆಗೆ, ಆಗ ನಮ್ಮವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪಿಗೆ ಇಂದಿನ ತೂಕವಿರಲಿಲ್ಲ. ಬೂಟಿನ ಮಾತು ನೆಪವಷ್ಟೇ ಎಂದು ನಾಯಕ ಸೈಲೇನ್ ಮನ್ನಾ ಅವರೇ ಆಮೇಲೆ ಹೇಳಿದ್ದರು.

ಕಥೆಯನ್ನು ಪರೀಕ್ಷಿಸಲು ಇಸವಿ ನೋಡಿದರೆ ಸಾಕು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಹಲವರು ಬರಿಗಾಲಲ್ಲೇ ಇಳಿದರು, ಯುಗೊಸ್ಲಾವಿಯಾ ಎದುರು 1-10ರಿಂದ ಸೋತರು. ಬೂಟು ಕಡ್ಡಾಯವಾದದ್ದು ಅದರ ನಂತರ. 1950ರಲ್ಲಿ ಹಿಂದೆ ಸರಿದದ್ದು, ಆಮೇಲೆ ಬೂಟು ಕಡ್ಡಾಯವಾದದ್ದು, ಈ ಎರಡನ್ನು ಹಿಂದುಮುಂದಾಗಿ ಹೊಲಿದೇ ‘ನಿಷೇಧ’ದ ಕಥೆ ಹುಟ್ಟಿರುವುದು.

ಪ್ರಶ್ನೆಯನ್ನು ಹೀಗಿಡಿ: ‘1950ರ ಫುಟ್‌ಬಾಲ್ ವಿಶ್ವಕಪ್‌ಗೆ ಭಾರತವನ್ನು ಯಾವ ಮೂರು ತಂಡಗಳ ಜೊತೆ ಒಂದೇ ಗುಂಪಿನಲ್ಲಿ ಇಡಲಾಗಿತ್ತು?’ ಇದಕ್ಕೆ ತಕರಾರು ಬರುವುದಿಲ್ಲ.