ದೊಡ್ಡ ಬೆಳ್ಳಿ ನಾಣ್ಯಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದೋ, ಬೆಳ್ಳಿಯ ಬೆಲೆಗೆ ಮಾರುವುದೋ?

ಸವೆದುಹೋದ, ಎಲ್ಲೆಡೆ ಸಿಗುವ ಇಸವಿಯ ನಾಣ್ಯವಾದರೆ ಬೆಳ್ಳಿಯ ಬೆಲೆಗೆ ಮಾರಿದರೂ ದೊಡ್ಡ ನಷ್ಟವಿಲ್ಲ. ಅಪರೂಪದ್ದಾಗಿದ್ದರೆ, ಅಥವಾ ಅಚ್ಚು ಹೊಸದರಂತೆ ಉಳಿದಿದ್ದರೆ, ದಯವಿಟ್ಟು ಕರಗಿಸಲು ಕೊಡಬೇಡಿ.

ಒಂದೇ ನಾಣ್ಯಕ್ಕೆ ಎರಡು ಬೆಲೆ ಇರುತ್ತದೆ ಅಲ್ವಾ? ಬೆಳ್ಳಿಯ ಬೆಲೆ ಬರೀ ತೂಕ ನೋಡುತ್ತದೆ. ಸಂಗ್ರಹಕಾರರು ಕೊಡುವ ಬೆಲೆ, ಅಂಥವು ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಅನ್ನುವುದರ ಮೇಲೆ ನಿಂತಿದೆ. ಅಮೆರಿಕದ ಮಾರ್ಗನ್ ಡಾಲರನ್ನೇ ನೋಡಿ. ತೂಕ 26.73 ಗ್ರಾಂ, ಅದರಲ್ಲಿ 90% ಬೆಳ್ಳಿ, ಅಂದರೆ ಸುಮಾರು 24 ಗ್ರಾಂ. 1921ರಲ್ಲಿ ಇವನ್ನು 8 ಕೋಟಿಗೂ ಜಾಸ್ತಿ ಅಚ್ಚು ಹಾಕಿದರು. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ಹಾಕಿದ್ದು ಬರೀ 1 ಲಕ್ಷ. ಎರಡರಲ್ಲೂ ಬೆಳ್ಳಿ ಅಷ್ಟೇ, ಆದರೆ ಎರಡನೆಯದಕ್ಕೆ ಹಲವು ಪಟ್ಟು ಹೆಚ್ಚು ಹಣ ಸಿಗುತ್ತದೆ. ಗುರುತು ತೀರಾ ಚಿಕ್ಕದು: ಹಿಂಬದಿಯಲ್ಲಿ ಎಲೆಗಳ ಹಾರದ ಕೆಳಗೆ ಒಂದು ಪುಟ್ಟ ‘ಎಸ್’ ಅಕ್ಷರ.

ಕರಗಿಸಿದ್ದು ಮತ್ತೆ ಬರುವುದಿಲ್ಲ. 1918ರ ಪಿಟ್‌ಮನ್ ಕಾಯ್ದೆಯಡಿ ಅಮೆರಿಕ ಸರ್ಕಾರವೇ 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಹಾಗಾಗಿ ಎಷ್ಟು ಅಚ್ಚಾಯಿತು ಅನ್ನುವ ಲೆಕ್ಕವೊಂದನ್ನೇ ನಂಬಬೇಡಿ.

ಇನ್ನೊಂದು ಮಾತು, ಮಾರುವ ಮೊದಲು ಸುಮ್ನೆ ಉಜ್ಜಿ ಹೊಳಪು ಕೊಡಲು ಹೋಗಬೇಡಿ. ಉಜ್ಜಿದರೆ ಮೇಲ್ಮೈಯಲ್ಲಿ ಸಣ್ಣ ಗೀರು ಬೀಳುತ್ತವೆ. ಸಂಗ್ರಹಕಾರರು ಅದನ್ನು ಥಟ್ಟನೆ ಗುರುತಿಸುತ್ತಾರೆ. ಒಳ್ಳೆಯ ನಾಣ್ಯವೂ ಆಮೇಲೆ ತೂಕದ ಬೆಲೆಯ ಹತ್ತಿರಕ್ಕೆ ಇಳಿಯಬಹುದು.