ಆಂಟಿಬಾಡಿಯ ಹೆಗಲೇರಿದ ಲಸಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನನ್ನ ಅಕ್ಕನ ಮಗ ಪುಣೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾನೆ. ಚೌತಿಗೆ ಮನೆಗೆ ಬಂದಾಗ ಏನು ಕೆಲಸ ಮಾಡ್ತೀಯೋ ಅಂತ ಕೇಳಿದೆ. "ಆಂಟಿಬಾಡಿಗೆ ಪೆಪ್ಟೈಡ್ ಅಂಟಿಸಿ ಲಸಿಕೆ ಮಾಡ್ತೀವಿ ಚಿಕ್ಕಮ್ಮ" ಅಂದ. ಲಸಿಕೆ ಹಾಕಿಸಿಕೊಂಡ ಮೇಲೆ ಆಂಟಿಬಾಡಿ ಹುಟ್ಟುತ್ತದೆ ಅಂತ ನಾನು ತಿಳಿದಿದ್ದೆ. ಆಂಟಿಬಾಡಿಯೇ ಲಸಿಕೆಯನ್ನು ಹೊತ್ತುಕೊಂಡು ಹೋಗೋದು ಹೇಗೆ? ಮತ್ತೆ ಕೇಳೋಕೆ ಸಂಕೋಚ ಆಯಿತು.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಂಕೋಚ ಬೇಡ, ಅವನನ್ನು ಇನ್ನೊಮ್ಮೆ ಕೇಳಿ. ಲ್ಯಾಬಿನಲ್ಲಿ ತಿಂಗಳುಗಟ್ಟಲೆ ತಲೆ ತಗ್ಗಿಸಿ ಕೆಲಸ ಮಾಡುವ ಮಕ್ಕಳಿಗೆ ಮನೆಯವರು "ಇದೇನು ಹೇಳೋ" ಅಂತ ಕೂತು ಕೇಳಿದರೆ ಎಷ್ಟು ಖುಷಿಯಾಗುತ್ತದೆ ಅನ್ನೋದು ನನಗೆ ಗೊತ್ತು.

ನೀವು ತಿಳಿದದ್ದು ಸರಿ. ಆದರೆ ಆಂಟಿಬಾಡಿ ಅಂದರೆ ಇಂಗ್ಲಿಷಿನ ವೈ ಅಕ್ಷರದಂಥ ಒಂದು ಪ್ರೋಟೀನ್, ಅಷ್ಟೇ. ಅದರ ಮೇಲಿನ ಎರಡು ತುದಿಗಳು ತಮಗೆ ಗೊತ್ತಿರುವ ಒಂದೇ ವಸ್ತುವನ್ನು ಹುಡುಕಿ ಹಿಡಿಯುತ್ತವೆ. ಆ ವಸ್ತು ರೋಗಾಣುವೇ ಆಗಿರಬೇಕು ಅಂತೇನಿಲ್ಲ. ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಒಂದೇ ಥರದ ಆಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ದಾರಿ ತೋರಿಸಿದರು. ಅಲ್ಲಿಂದ ಮುಂದೆ ಏನನ್ನು ಹಿಡಿಯಬೇಕು ಅನ್ನೋದನ್ನು ನಾವೇ ಆರಿಸಿಕೊಳ್ಳುವಂತಾಯಿತು. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಕೂಡ ಹೀಗೆ ತಯಾರಾದ ಆಂಟಿಬಾಡಿಯೇ.

ಇಂಥ ಲಸಿಕೆಯ ಆಂಟಿಬಾಡಿ ಹಿಡಿಯೋದು ನಮ್ಮದೇ ಮೈಯ ಒಂದು ಜೀವಕೋಶವನ್ನು. ಅದರ ಹೆಸರು ಡೆಂಡ್ರಿಟಿಕ್ ಕೋಶ. ಮರದ ಕೊಂಬೆಗಳ ಹಾಗೆ ಮೈತುಂಬ ಟಿಸಿಲೊಡೆದಿರುತ್ತದೆ, ಅದಕ್ಕೇ ಆ ಹೆಸರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ 1973ರಲ್ಲಿ ಇದನ್ನು ಗುರುತಿಸಿದರು. ಅದು ಯುದ್ಧ ಮಾಡೋದಿಲ್ಲ, ಸುದ್ದಿ ಮುಟ್ಟಿಸುತ್ತದೆ.

ಹೇಗೆ ಅಂತ ನೋಡಿ. ನಿಮ್ಮ ಬಿಲ್ಡಿಂಗಿನಲ್ಲಿ ಕಳ್ಳತನ ಆಯಿತು ಅನ್ನಿ. ಬಾಗಿಲ ಮೊಳೆಗೆ ಕಳ್ಳನ ಅಂಗಿಯ ಚೂರು ಸಿಕ್ಕಿಹಾಕಿಕೊಂಡಿದೆ. ವಾಚ್‌ಮನ್ ಆ ಚೂರನ್ನು ಪೊಲೀಸ್ ಚೌಕಿಗೆ ಒಯ್ದು ಒಬ್ಬೊಬ್ಬರಿಗೂ ತೋರಿಸುತ್ತಾನೆ. ಡೆಂಡ್ರಿಟಿಕ್ ಕೋಶವೇ ಆ ವಾಚ್‌ಮನ್. ಅದು ರೋಗಾಣುವನ್ನು ನುಂಗಿ, ಕತ್ತರಿಸಿ, ಸಣ್ಣ ಚೂರುಗಳನ್ನು ತನ್ನ ಮೈಮೇಲೆ ಇಟ್ಟುಕೊಂಡು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತದೆ. ನೆಗಡಿ ಬಂದಾಗ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದಲ್ವಾ, ಅದೇ ಆ ಚೌಕಿ. ಅಲ್ಲಿರುವ ಪೊಲೀಸರೇ ಟಿ ಕೋಶಗಳು, ರೋಗದ ವಿರುದ್ಧ ಹೋರಾಡುವ ಒಂದು ಥರದ ಬಿಳಿ ರಕ್ತಕಣಗಳು. ಅವುಗಳಲ್ಲಿ ಒಂದೊಂದಕ್ಕೂ ಒಂದೊಂದು ನಮೂನೆ ಮಾತ್ರ ಗೊತ್ತು. ಚೂರು ಯಾರ ನಮೂನೆಗೆ ಹೊಂದುತ್ತದೋ ಆ ಕೋಶ ಎದ್ದು, ಒಂದಕ್ಕೆ ಸಾವಿರವಾಗಿ ಬೆಳೆದು ಹುಡುಕಾಟಕ್ಕೆ ಹೊರಡುತ್ತದೆ. ಆ ಚೂರಿನ ಹೆಸರೇ ಪೆಪ್ಟೈಡ್. ಕೊಲ್ಲುವ ಕೆಲಸದ ಟಿ ಕೋಶಗಳಿಗೆ 8ರಿಂದ 10 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳ, ಚೂರು ಸಾಕು.

ನಿಮ್ಮ ಅಕ್ಕನ ಮಗ ಹೇಳಿದ ಕೆಲಸದ ತಿರುಳು ಇಷ್ಟು: ವಾಚ್‌ಮನ್‌ಗೆ ಚೂರು ಎಲ್ಲೋ ಸಿಗಲಿ ಅಂತ ಕಾಯದೆ ನೇರವಾಗಿ ಅವನ ಕೈಗೇ ಕೊಡೋದು. ಡೆಂಡ್ರಿಟಿಕ್ ಕೋಶದ ಮೈಮೇಲೆ ಡಿಇಸಿ-205 ಅನ್ನುವ ಒಂದು ಹಿಡಿಕೆ ಇದೆ. ಅದನ್ನೇ ಹಿಡಿಯುವ ಆಂಟಿಬಾಡಿ ಮಾಡಿ, ಅದರ ಬಾಲಕ್ಕೆ ಪೆಪ್ಟೈಡ್ ಜೋಡಿಸಿದರೆ, ಕೋಶ ಎರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತದೆ. ವೈ ಅಕ್ಷರದ ಆ ಬಾಲವನ್ನೂ ತಿದ್ದಬೇಕು, ಇಲ್ಲದಿದ್ದರೆ ಅದು ದಾರಿಯಲ್ಲಿ ಸಿಕ್ಕ ಬೇರೆ ಕೋಶಗಳಿಗೆಲ್ಲ ಅಂಟಿಕೊಂಡು ಕೂರುತ್ತದೆ.

ಇಷ್ಟರಲ್ಲೇ ಕಥೆ ಮುಗಿಯಿತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಆದರೆ ನನಗೆ ಈ ವಿಷಯದಲ್ಲಿ ಮುಖ್ಯ ಅನ್ನಿಸೋದು ಇಲ್ಲಿಂದ ಮುಂದಿನದು. 2001ರಲ್ಲಿ ಸ್ಟೈನ್‌ಮನ್ ಮತ್ತು ಮಿಶೆಲ್ ನುಸೆನ್‌ಝ್ವೈಗ್ ಅವರ ತಂಡ ಇಲಿಗಳಲ್ಲಿ ಒಂದು ಪ್ರಯೋಗ ಮಾಡಿತು. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಒಂದು ಪ್ರೋಟೀನಿನ ಪೆಪ್ಟೈಡನ್ನು ಡಿಇಸಿ-205 ಹಿಡಿಯುವ ಆಂಟಿಬಾಡಿಗೆ ಜೋಡಿಸಿ ಚುಚ್ಚಿದರು. ಚೂರು ಸರಿಯಾದ ಜಾಗಕ್ಕೇ ಹೋಯಿತು. ಟಿ ಕೋಶಗಳು ಎದ್ದವು, ಬೆಳೆಯೋಕೂ ಶುರುಮಾಡಿದವು. ಒಂದು ವಾರದಲ್ಲಿ ಹೆಚ್ಚಿನವು ಕಾಣೆಯಾದವು, ಉಳಿದವಕ್ಕೆ ಅದೇ ಚೂರನ್ನು ಮತ್ತೆ ತೋರಿಸಿದರೂ ಅವು ಅಲುಗಾಡಲಿಲ್ಲ. ಅಂದರೆ ಲಸಿಕೆ ಕೆಲಸ ಮಾಡಿದ್ದು ಉಲ್ಟಾ. ಹೋರಾಡಬೇಡ, ಇದು ನಮ್ಮದೇ ಅಂತ ಪಾಠ ಹೇಳಿಬಿಟ್ಟಿತ್ತು.

ಯಾಕೆ? ವಾಚ್‌ಮನ್ ಚೌಕಿಗೆ ಹೋಗಿ ಚೂರನ್ನು ಸುಮ್ನೆ ತೋರಿಸಿದ. ಕಳ್ಳತನ ಆಗಿದೆ ಅಂತ ಬಾಯಿಬಿಟ್ಟು ಹೇಳಲೇ ಇಲ್ಲ. ಹಾಗಾದಾಗ ಪೊಲೀಸರು ಏನಂದುಕೊಳ್ಳಬೇಕು? ಇದು ಬಿಲ್ಡಿಂಗಿನವರದೇ ಬಟ್ಟೆ ಇರಬೇಕು ಅಂತ. ನಾಳೆ ಆ ಅಂಗಿ ತೊಟ್ಟವನು ಎದುರಿಗೇ ಬಂದರೂ ಬಿಟ್ಟುಬಿಡುತ್ತಾರೆ. ನಮ್ಮ ಮೈಯಲ್ಲಿ ದಿನವೂ ಸಾವಿರಾರು ಸ್ವಂತ ಕೋಶಗಳ ಚೂರುಗಳು ಹೀಗೆ ಸದ್ದಿಲ್ಲದೆ ತೋರಿಸಲ್ಪಡುತ್ತವೆ, ಅದಕ್ಕೇ ನಾವು ನಮ್ಮನ್ನೇ ತಿಂದುಕೊಳ್ಳದೆ ಬದುಕಿದ್ದೇವೆ. ಅದೇ ಪ್ರಯೋಗದಲ್ಲಿ ಬೇರೆ ಇಲಿಗಳಿಗೆ, ಡೆಂಡ್ರಿಟಿಕ್ ಕೋಶದ ಮೈಮೇಲೇ ಇರುವ ಸಿಡಿ40 ಅನ್ನುವ ಇನ್ನೊಂದು ಗುಂಡಿ ಒತ್ತುವ ಆಂಟಿಬಾಡಿಯನ್ನೂ ಜೊತೆಗೆ ಕೊಟ್ಟಾಗ ಟಿ ಕೋಶಗಳು ಎದ್ದು ನಿಂತವು, ಉಳಿದವು. ಸಿಡಿ40 ಅಂದರೆ ಅಪಾಯದ ಗಂಟೆ. ಹಾಗಾಗಿ ಚೂರನ್ನು ಎಲ್ಲಿಗೆ ತಲುಪಿಸಿದೆವು ಅನ್ನೋದು ಅರ್ಧ ಕೆಲಸ, ಅದರ ಜೊತೆ ಏನು ಹೇಳಿಕಳಿಸಿದೆವು ಅನ್ನೋದು ಇನ್ನರ್ಧ.

ಈಗ ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು ಎರಡನ್ನೂ ಒಂದೇ ಆಂಟಿಬಾಡಿಯಲ್ಲಿ ಸೇರಿಸುವ ದಾರಿ ಹುಡುಕಿದ್ದಾರೆ. ಅದು ಕೋಶವನ್ನು ಹಿಡಿಯೋದೇ ಸಿಡಿ40 ಮೂಲಕ, ಹಾಗಾಗಿ ಬಾಗಿಲು ತಟ್ಟಿದ ಕೂಡಲೇ ಗಂಟೆಯೂ ಹೊಡೆಯುತ್ತದೆ. ಅದಕ್ಕೆ ಇನ್ನೊಂದು ಹಿಡಿತವೂ ಇದೆ. ಅದು ಪೆಪ್ಟೈಡಿಗೆ ಕಟ್ಟಿದ ಒಂದು ಸಣ್ಣ ಗುರುತನ್ನು ಹಿಡಿದುಕೊಳ್ಳುತ್ತದೆ. ಆ ಗುರುತು ಇದ್ದರೆ ಯಾವ ಪೆಪ್ಟೈಡ್ ಆದರೂ ಸರಿ. ಆಂಟಿಬಾಡಿ ಒಂದು ಸಲ ಮಾಡಿಟ್ಟುಕೊಂಡರೆ ಸಾಕು, ರೋಗಿಗೆ ತಕ್ಕ ಹಾಗೆ ಪೆಪ್ಟೈಡ್ ಬದಲಿಸುತ್ತ ಹೋಗಬಹುದು. ಕ್ಯಾನ್ಸರ್ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದರಿಂದ ನನಗೆ ಇದು ತುಂಬ ಆಸೆ ಹುಟ್ಟಿಸುವ ದಾರಿಯಾಗಿ ಕಾಣುತ್ತದೆ.

ಪ್ರಶ್ನೆ: ಪೆಪ್ಟೈಡನ್ನು ಹಾಗೇ ಚುಚ್ಚಿದರೆ ಆಗೋದಿಲ್ಲವೇ? ಇಡೀ ರೋಗಾಣುವನ್ನೇ ಕೊಡುವ ಹಳೇ ಲಸಿಕೆಗಳಿಗೆ ಇಷ್ಟೆಲ್ಲ ಬೇಕಿರಲಿಲ್ಲವಲ್ಲ?
– ಬಿಎಸ್‌ಸಿ ವಿದ್ಯಾರ್ಥಿ, ಕೋಥ್ರೂಡ್, ಪುಣೆ

ಉತ್ತರ: ಪೆಪ್ಟೈಡ್ ತೀರಾ ಸಣ್ಣದು ಕಣಪ್ಪ. ರಕ್ತದಲ್ಲಿರುವ ಕಿಣ್ವಗಳು ಬೇಗನೆ ಕತ್ತರಿಸಿಹಾಕುತ್ತವೆ, ಉಳಿದದ್ದನ್ನು ಕಿಡ್ನಿ ಸೋಸಿ ಹೊರಗೆ ಕಳಿಸುತ್ತದೆ. ಆಂಟಿಬಾಡಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಸುಮಾರು 1,50,000 ಡಾಲ್ಟನ್ ತೂಕ (ಡಾಲ್ಟನ್ ಅಂದರೆ ಅಣುಗಳನ್ನು ತೂಗುವ ಅಳತೆ). ಐಜಿಜಿ ಅನ್ನುವ ಸಾಮಾನ್ಯ ಥರದ ಆಂಟಿಬಾಡಿ ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಸುಮಾರು 3 ವಾರ ಬೇಕು. ಇನ್ನೊಂದು ತೊಂದರೆ ಅಂದರೆ ತೀರಾ ಗಿಡ್ಡ ಪೆಪ್ಟೈಡ್ ಸಿಕ್ಕ ಸಿಕ್ಕ ಕೋಶದ ಮೇಲೆಲ್ಲ ಕೂತುಬಿಡುತ್ತದೆ, ಅವಕ್ಕೆ ಗಂಟೆ ಹೊಡೆಯೋಕೆ ಬರೋದಿಲ್ಲ.

ಹಳೇ ಲಸಿಕೆಯ ಮಾತು ಬಂತು, ಹಾಗಾಗಿ ಮುಂಬಯಿಗೆ ಬಂದಾಗ ಪರೇಲ್‌ನ ಹಾಫ್‌ಕಿನ್ ಸಂಸ್ಥೆಯ ಮುಂದೆ ಒಂದು ನಿಮಿಷ ನಿಲ್ಲು. ಪ್ಲೇಗ್ ಬಂದು ಊರೇ ಖಾಲಿಯಾಗುತ್ತಿದ್ದ ಹೊತ್ತಿನಲ್ಲಿ ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ ಬೈಕುಲ್ಲಾದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಪೋಷಕಾಂಶಗಳ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು, ಅದಕ್ಕೆ ಜೋತುಬೀಳುವ ಹಾಗೆ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸಿ, ಆಮೇಲೆ ಬಿಸಿಮಾಡಿ ಸಾಯಿಸುತ್ತಿದ್ದರು. ಸತ್ತ ಬ್ಯಾಕ್ಟೀರಿಯಾದಲ್ಲಿ ಚೂರೂ ಇದೆ, ಗಂಟೆಯೂ ಇದೆ. ಅದರ ಗೋಡೆಯೇ ನಮ್ಮ ಕೋಶಗಳಿಗೆ ಅಪಾಯದ ಸೂಚನೆ. ಒಂದೇ ಪೆಪ್ಟೈಡ್ ಆರಿಸಿಕೊಂಡಾಗ ನಾವು ಕಳೆದುಕೊಂಡದ್ದು ಅದನ್ನೇ. ಎಂಆರ್‌ಎನ್‌ಎ ಲಸಿಕೆಯಲ್ಲೂ ಇದೇ ಲೆಕ್ಕ ಇದೆ, ಅಲ್ಲಿ ಆರ್‌ಎನ್‌ಎ ಮತ್ತು ಅದನ್ನು ಸುತ್ತಿದ ಕೊಬ್ಬಿನ ಹೊದಿಕೆ ಸ್ವಲ್ಪ ಮಟ್ಟಿಗೆ ಗಂಟೆಯ ಕೆಲಸ ಮಾಡುತ್ತವೆ.

ಪ್ರಶ್ನೆ: ನನ್ನ 9 ವರ್ಷದ ಮಗನಿಗೆ ಟೈಪ್ 1 ಶುಗರ್. ಅವನ ಮೈಯೇ ಅವನ ಇನ್ಸುಲಿನ್ ಕೋಶಗಳನ್ನು ಕೊಲ್ಲುತ್ತಿದೆ ಅಂತ ಡಾಕ್ಟರ್ ಹೇಳಿದರು. ಅವನಿಗೆ ಇಂಥ ಲಸಿಕೆಯಿಂದ ಉಪಯೋಗ ಇದೆಯೇ?
– ತಾಯಿ, ವಾಸ್ಕೋ, ಗೋವಾ

ಉತ್ತರ: ಅಮ್ಮ, ನಿಮ್ಮ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. ಮೇಲೆ ಹೇಳಿದ ಮೊಟ್ಟೆಯ ಪ್ರಯೋಗ ನೆನಪಿಟ್ಟುಕೊಳ್ಳಿ. ಕ್ಯಾನ್ಸರಿನವರಿಗೆ ಅದು ಸೋಲು, ನಿಮ್ಮ ಮಗನಂಥ ಮಕ್ಕಳಿಗೆ ಅದೇ ಭರವಸೆ. ಗಂಟೆ ಹೊಡೆಯದೆ ಚೂರು ತೋರಿಸಿದರೆ ಟಿ ಕೋಶಗಳು ಸುಮ್ಮನಾಗುತ್ತವೆ ಅಲ್ವಾ? ನರಗಳ ಹೊದಿಕೆಯನ್ನು ಮೈಯೇ ತಿನ್ನುವ ಕಾಯಿಲೆಯಲ್ಲಿ, ಆ ಹೊದಿಕೆಯ ಪೆಪ್ಟೈಡನ್ನೇ ಹೀಗೆ ಸದ್ದಿಲ್ಲದೆ ಕೊಟ್ಟು ಇಲಿಗಳಿಗೆ ಕಾಯಿಲೆ ಬಾರದಂತೆ ತಡೆದದ್ದು 2004ರಲ್ಲೇ ಪ್ರಕಟವಾಗಿದೆ. ಶುಗರಿಗೂ ಈ ದಾರಿಯಲ್ಲಿ ಕೆಲಸ ನಡೆದಿದೆ. ಆದರೆ ಇಲಿಗೆ ಕಾಯಿಲೆ ಬರುವ ಮೊದಲೇ ಕೊಡೋದು ಬೇರೆ, ಈಗಾಗಲೇ ಶುರುವಾದ ಮಗುವಿಗೆ ಕೊಡೋದು ಬೇರೆ. ಇನ್ಸುಲಿನ್ ಒಂದು ದಿನವೂ ತಪ್ಪಿಸಬೇಡಿ, ಯಾರು ಏನೇ ಹೇಳಲಿ.

ಪ್ರಶ್ನೆ: ಅಪ್ಪನಿಗೆ ಮೆಲನೋಮಾ, ಅಂದರೆ ಒಂದು ಥರದ ಚರ್ಮದ ಕ್ಯಾನ್ಸರ್. ಒಂದು ಕ್ಲಿನಿಕ್ಕಿನವರು "ಡೆಂಡ್ರಿಟಿಕ್ ಲಸಿಕೆ ಕೊಡುತ್ತೇವೆ, ಗುಣ ಗ್ಯಾರಂಟಿ" ಅಂತ ಹಲವು ಲಕ್ಷ ಕೇಳುತ್ತಿದ್ದಾರೆ. ಊರಿನ ತೋಟ ಮಾರೋಣ ಅಂತ ಅಣ್ಣ ಹೇಳುತ್ತಾನೆ. ಏನು ಮಾಡಲಿ?
– ಓದುಗರೊಬ್ಬರು, ಮುಲುಂಡ್

ಉತ್ತರ: ತೋಟ ಮಾರಬೇಡಿ. ಮೊದಲು ಇಷ್ಟು ತಿಳಿದುಕೊಳ್ಳಿ. ಡಿಇಸಿ-205 ಆಂಟಿಬಾಡಿಗೆ ಕ್ಯಾನ್ಸರಿನ ಒಂದು ಪ್ರೋಟೀನ್ ಜೋಡಿಸಿ, ಗಂಟೆ ಹೊಡೆಯುವ ಔಷಧವನ್ನೂ ಸೇರಿಸಿ ಮನುಷ್ಯರಿಗೆ ಕೊಟ್ಟು ನೋಡಿದ ಮೊದಲ ಪರೀಕ್ಷೆಯ ಫಲ 2014ರಲ್ಲಿ ಬಂತು. ಕಾಯಿಲೆ ಮುಂದುವರಿದಿದ್ದ 45 ಮಂದಿ ಇದ್ದರು. 13 ಜನರಲ್ಲಿ ಕಾಯಿಲೆ ಕೆಲವು ಕಾಲ ಮುಂದಕ್ಕೆ ಹೋಗದೆ ನಿಂತಿತು. ಸುರಕ್ಷಿತ ಅನ್ನೋದು ಗೊತ್ತಾಯಿತು, ಟಿ ಕೋಶಗಳು ಎದ್ದದ್ದೂ ಕಂಡಿತು. ಇದು ನಿಜವಾದ ಮುನ್ನಡೆ. ಆದರೆ ಗ್ಯಾರಂಟಿ ಅನ್ನುವ ಮಾತಿಗೆ ಇದು ಎಷ್ಟು ದೂರ ನೋಡಿ. ನಿಮಗೆ ಹೇಳಿರೋದು ಬಹುಶಃ ಬೇರೆ ಥರದ್ದು, ರೋಗಿಯ ರಕ್ತ ತೆಗೆದು ಅದರಿಂದ ಡೆಂಡ್ರಿಟಿಕ್ ಕೋಶ ಬೆಳೆಸಿ ಮತ್ತೆ ಚುಚ್ಚುವ ವಿಧಾನ. ಸ್ಟೈನ್‌ಮನ್ ಅವರೂ ತಮ್ಮ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಇಂಥ ಲಸಿಕೆಗಳನ್ನು ಹಾಕಿಸಿಕೊಂಡಿದ್ದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು, 3 ದಿನದ ಮೇಲೆ ಅವರಿಗೆ ನೊಬೆಲ್ ಘೋಷಣೆಯಾಯಿತು. ಈ ಕೋಶವನ್ನು ಕಂಡುಹಿಡಿದವರಿಗೇ ಯಾರೂ ಗ್ಯಾರಂಟಿ ಕೊಡೋಕೆ ಆಗಲಿಲ್ಲ.

ಆ ಕ್ಲಿನಿಕ್ಕಿನವರಿಗೆ ಎರಡು ಮಾತು ಕೇಳಿ. ಈ ಚಿಕಿತ್ಸೆಗೆ ಸರ್ಕಾರದ ಅನುಮತಿ ಪತ್ರ ಇದೆಯೇ? ಇದು ಪ್ರಯೋಗವಾದರೆ ಸಿಟಿಆರ್‌ಐ ನೋಂದಣಿ ನಂಬರ್ ಯಾವುದು? ಸಿಟಿಆರ್‌ಐ ಅಂದರೆ ನಮ್ಮ ದೇಶದ ಔಷಧ ಪ್ರಯೋಗಗಳ ಪಟ್ಟಿ, 2009ರಿಂದ ಅದರಲ್ಲಿ ನೋಂದಣಿ ಕಡ್ಡಾಯ. ಯಾರು ಬೇಕಾದರೂ ಹಣ ಕೊಡದೆ ಇಂಟರ್‌ನೆಟ್ಟಿನಲ್ಲಿ ನೋಡಬಹುದು. ಉತ್ತರ ಕೊಡೋಕೆ ತಡವರಿಸಿದರೆ ಎದ್ದು ಬನ್ನಿ.

ಆಮೇಲೆ ಅಪ್ಪನ ಬಯಾಪ್ಸಿ ರಿಪೋರ್ಟು, ಸ್ಕ್ಯಾನು ಎಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೋಗಿ. ಮೆಲನೋಮಾಗೆ ಈಗ ಟಿ ಕೋಶಗಳ ಬ್ರೇಕ್ ತೆಗೆಯುವ ಆಂಟಿಬಾಡಿ ಔಷಧಗಳಿವೆ, ಅವುಗಳಿಂದ ವರ್ಷಗಟ್ಟಲೆ ಬದುಕಿದವರಿದ್ದಾರೆ. ಅಪ್ಪನಿಗೆ ಅದು ಹೊಂದುತ್ತದೆಯೇ ಅಂತ ನೇರವಾಗಿ ಕೇಳಿ. ಅಣ್ಣನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳೋದನ್ನು ಅವನೂ ಕಿವಿಯಾರೆ ಕೇಳಲಿ.